ಗೊರಬು, ಕೆಮ್ಮಣ್ಣು, ಗ್ಯಾಲರಿಯ ಗೋಡೆ

ಪತ್ರಿಕೆಯ ಕಥೆಗಳಿಗೆ ಚಿತ್ರ ಬರೆಯುವವರ ಕೈಗೆ ಒಂದು ಅಭ್ಯಾಸ ಅಂಟಿರುತ್ತದೆ. ಒಂಟಿತನ ಅಂದರೆ ಖಾಲಿ ಕುರ್ಚಿ, ಸಾವು ಅಂದರೆ ಆರಿದ ದೀಪ, ಊರು ಬಿಡುವುದು ಅಂದರೆ ಟ್ರಂಕು. ಓದುವವರು ಪುಟ ತಿರುಗಿಸುವುದರೊಳಗೆ ಗೊತ್ತಾಗಬೇಕಲ್ಲ! ಆ ಕೆಲಸಕ್ಕೆ ಅದೇ ಸರಿ. ಆದರೆ ಇಬ್ಬರು ವರ್ಣಚಿತ್ರಕಾರರು, ಇಬ್ಬರು ಇಲ್ಲಸ್ಟ್ರೇಟರ್‌ಗಳು ಸೇರಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಗ್ಯಾಲರಿ ಬಾಡಿಗೆಗೆ ಹಿಡಿದು ಸಮೂಹ ಪ್ರದರ್ಶನ ಮಾಡೋಣ ಎಂದು ಹೊರಟಾಗ, ನಾನು ಮೊದಲು ಕೈಬಿಟ್ಟದ್ದು ಆ ಕುರ್ಚಿ, ದೀಪ, ಟ್ರಂಕುಗಳನ್ನು.

ಪತ್ರಿಕೆಯಿಂದ ಗ್ಯಾಲರಿಗೆ ಹೋಗುವ ದಾರಿ ನಮ್ಮಲ್ಲಿ ಹೊಸದಲ್ಲ. ಚಂದ್ರನಾಥ ಆಚಾರ್ಯರು ‘ಸುಧಾ’, ‘ಪ್ರಜಾವಾಣಿ’ಗಳಿಗೆ ಚಿತ್ರ ಬರೆಯುತ್ತಲೇ ಪೇಂಟಿಂಗನ್ನೂ ಗ್ರಾಫಿಕ್ ಕಲೆಯನ್ನೂ ಮಾಡಿದವರು. ಕಲಾವಿದ ಎಸ್.ಜಿ. ವಾಸುದೇವ್ ಅವರ ‘ವೃಕ್ಷ’ ಚಿತ್ರಸರಣಿಯಿಂದ ನಾನು ಕಲಿತದ್ದು ಬೇರೆ: ಅಲ್ಲಿ ಮರ ಯಾವುದೋ ಒಂದು ಅರ್ಥಕ್ಕೆ ಗುರುತಿನ ಚೀಟಿಯಲ್ಲ. ಮತ್ತೆ ಮತ್ತೆ ಬರೆಯುತ್ತ ಹೋದಂತೆ ಅದು ಅರ್ಥಗಳನ್ನು ತಾನೇ ಕೂಡಿಸಿಕೊಂಡಿದೆ. ಹಾಗಾಗಿ ಒಂದೇ ವಸ್ತುವನ್ನು ಹಿಡಿದು ಕೂರುವುದೆಂದು ತೀರ್ಮಾನಿಸಿದೆ.

ನಾನು ಹಿಡಿದದ್ದು ಗೊರಬನ್ನು. ಮಲೆನಾಡಿನಲ್ಲಿ ಸಸಿ ನೆಡುವಾಗ ಹೆಂಗಸರು ತಲೆಯಿಂದ ಬೆನ್ನಿನವರೆಗೆ ಹೊದ್ದುಕೊಳ್ಳುತ್ತಿದ್ದ, ಬಿದಿರ ದಬ್ಬೆಯಲ್ಲಿ ಹೆಣೆದು ಎಲೆ ಹೊದಿಸಿದ ಮಳೆಮರೆ. ಈಗ ಗದ್ದೆಯಲ್ಲೆಲ್ಲ ಪ್ಲಾಸ್ಟಿಕ್. ಅಮ್ಮನ ತವರು ಶರಾವತಿ ದಂಡೆಯ ಹಳ್ಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅದೂ ಮುಳುಗಿತು. ಆ ಮನೆಯನ್ನು ನಾನು ನೋಡಿಲ್ಲ, ಅದರ ಫೋಟೋ ಕೂಡ ಇಲ್ಲ. ಅಲ್ಲಿಂದ ಬಂದ ಸಾಮಾನಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅಟ್ಟದ ಮೇಲಿನ ಒಂದು ಗೊರಬು. ಸ್ಕೆಚ್ ಪುಸ್ತಕದಲ್ಲಿ ಪುಟದಿಂದ ಪುಟಕ್ಕೆ ಅದನ್ನೇ ಬರೆದೆ: ಒಳಗಿನಿಂದ, ಮೇಲಿನಿಂದ, ಮನುಷ್ಯರಿಲ್ಲದೆ, ಬೋರಲಾಗಿ, ಅಂಗಾತವಾಗಿ. ನನಗೆ ನಾನೇ ಹಾಕಿಕೊಂಡ ಕಟ್ಟಳೆ ಒಂದೇ. ಬರೆದದ್ದು ಏನೆಂದು ಒಂದು ವಾಕ್ಯದಲ್ಲಿ ಹೇಳಲು ಬಂದರೆ ಆ ಹಾಳೆ ಪತ್ರಿಕೆಯ ಫೈಲಿಗೆ, ಹೇಳಲು ತಡವರಿಸಿದರೆ ಪ್ರದರ್ಶನಕ್ಕೆ.

ಸಾಗರದ ಕಡೆಯವಳು ಎಂದ ಕೂಡಲೇ ಬೆಂಗಳೂರಿನ ಗೆಳೆಯರು ‘ಚಿತ್ತಾರ ಮಾಡ್ತೀರಾ?’ ಎನ್ನುತ್ತಾರೆ. ಹಸೆ ಚಿತ್ತಾರ ಮಲೆನಾಡಿನ ದೀವರ ಸಮುದಾಯದ ಹೆಂಗಸರ ವಿದ್ಯೆ. ಮದುವೆಯ ಗೋಡೆಗೂ ಭೂಮಿ ಹುಣ್ಣಿಮೆಯ ಬುಟ್ಟಿಗೂ ಅದನ್ನು ಬರೆಯುತ್ತಾರೆ. ಪ್ರತಿ ಎಳೆಗೂ ಅಲ್ಲಿ ಹೆಸರಿದೆ, ಲೆಕ್ಕವಿದೆ. ಆ ಎಳೆಗಳನ್ನು ಎತ್ತಿ ಕ್ಯಾನ್ವಾಸಿಗೆ ಅಂಟಿಸಿ ‘ವೈಯಕ್ತಿಕ ಸಂಕೇತ’ ಎಂದು ಕರೆದುಕೊಳ್ಳುವುದು ನನಗೆ ಸರಿಕಾಣಲಿಲ್ಲ. ಮಣ್ಣು ಮಾತ್ರ ಎಲ್ಲರದು, ಅದನ್ನು ತಂದೆ.

ಕೆಮ್ಮಣ್ಣಿನಿಂದ ಬಣ್ಣ ತೆಗೆಯುವುದು ತಾಳ್ಮೆಯ ಕೆಲಸ, ಕಷ್ಟದ್ದಲ್ಲ. ಬಕೆಟ್ಟಿನಲ್ಲಿ ಕದಡಿ, ಮರಳು ತಳಕ್ಕೆ ಕೂರುವಷ್ಟು ಹೊತ್ತು ಬಿಟ್ಟು, ಮೇಲಿನ ರಾಡಿಯನ್ನಷ್ಟೇ ಇನ್ನೊಂದು ಪಾತ್ರೆಗೆ ಬಗ್ಗಿಸಬೇಕು. ಮತ್ತೆ ಕದಡಬೇಕು, ಮತ್ತೆ ಬಗ್ಗಿಸಬೇಕು. ಕಡೆಗೆ ಉಳಿಯುವ ನುಣ್ಣನೆಯ ಗಸಿಯನ್ನು ಒಣಗಿಸಿ, ಅರೆದು, ತೆಳು ಬಟ್ಟೆಯಲ್ಲಿ ಜಾಲಿಸಬೇಕು. ಕಾಗದಕ್ಕಾದರೆ ಗಮ್ ಅರೇಬಿಕ್ ಎಂಬ ಅಂಟಿನ ಜೊತೆ, ಕ್ಯಾನ್ವಾಸಿಗಾದರೆ ಆಕ್ರಿಲಿಕ್ ಮೀಡಿಯಂ ಜೊತೆ ಕಲಸುತ್ತೇನೆ. ಅಂಟು ಕಡಿಮೆಯಾದರೆ ಒಣಗಿದ ಮೇಲೂ ಬೆರಳಿಗೆ ಬಣ್ಣ ಹತ್ತುತ್ತದೆ. ಗಮ್ ಹೆಚ್ಚಾದರೆ ಹೊಳಪು ಬಂದು ಬಿರಿಯುತ್ತದೆ. ಒಂದು ಚೂರು ಕಾಗದದ ಮೇಲೆ ಬಳಿದು ಒರೆಸಿ ನೋಡುವುದೇ ಪರೀಕ್ಷೆ. ಈ ಕೆಂಪು ಕಬ್ಬಿಣದ ಆಕ್ಸೈಡಿನದು, ಬೆಳಕಿಗೆ ಮಾಸುವುದಿಲ್ಲ. ಚಿತ್ತಾರಕ್ಕೆ ಹಳದಿ ಕೊಡುವ ಗುರಿಗೆ ಕಾಯಿಯನ್ನು ಬಳಸದೇ ಇದ್ದದ್ದಕ್ಕೆ ಇದೇ ಕಾರಣ: ಗೋಡೆಯ ಚಿತ್ತಾರವನ್ನು ಮುಂದಿನ ಹಬ್ಬಕ್ಕೆ ಮತ್ತೆ ಬರೆಯಬಹುದು, ಕೊಂಡವರ ಮನೆಯ ಚಿತ್ರವನ್ನು ಯಾರು ಬರೆಯುತ್ತಾರೆ?

ತೂಗುಹಾಕುವ ದಿನದ ಜಗಳವೇ ಬೇರೆ. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಬೇಕು ಎನ್ನುವುದು ರೂಢಿ. ಅದಕ್ಕೆ ನಾಲ್ವರೂ ಒಪ್ಪಿದೆವು. ಯಾರ ಪಕ್ಕ ಯಾರು ಎನ್ನುವುದು ಮಾತ್ರ ಬಗೆಹರಿಯಲಿಲ್ಲ. ನಾಲ್ಕಡಿಯ ಕ್ಯಾನ್ವಾಸಿನ ಮಗ್ಗುಲಿಗೆ ಅಂಗೈಯಗಲದ ಶಾಯಿಚಿತ್ರ ನೇತುಹಾಕಿದರೆ ಅದು ಸ್ವಿಚ್‌ಬೋರ್ಡಿನಂತೆ ಕಾಣುತ್ತದೆ. ಹಾಗಾಗಿ ಕಾಗದದ ಕೆಲಸಗಳನ್ನೆಲ್ಲ ಅಗಲ ಮೌಂಟ್, ಅಂದರೆ ಚಿತ್ರದ ಸುತ್ತ ರಟ್ಟಿನ ಅಂಚು, ಕೊಟ್ಟು ಒಂದೇ ಗೋಡೆಗೆ ಒಟ್ಟು ಮಾಡಿದೆವು. ಮೌಂಟ್ ಬರೀ ಅಂದಕ್ಕಲ್ಲ, ಕಾಗದ ಗಾಜಿಗೆ ತಾಗದಂತೆ ಕಾಯುತ್ತದೆ. ಲೇಬಲ್‌ನಲ್ಲಿ ಹೆಸರು, ಮಾಧ್ಯಮ, ಅಳತೆ, ವರ್ಷ ಇಷ್ಟೇ. ವಿವರಣೆ ಬರೆಯಿರಿ ಎಂದು ಒಬ್ಬರು ಒತ್ತಾಯಿಸಿದರು, ನಾನು ಒಪ್ಪಲಿಲ್ಲ.

ಬಂದವರು ಏನು ಕಂಡರು? ಪಟ್ಟಣದವರಿಗೆ ಗೊರಬು ಆಮೆ, ಜೀರುಂಡೆ. ಒಬ್ಬ ಹುಡುಗನಿಗೆ ಹೆಲ್ಮೆಟ್. ನಾನು ತಿದ್ದಲಿಲ್ಲ. ‘ಇದರ ಅರ್ಥ ಏನು ಮೇಡಂ?’ ಎಂದವರಿಗೆ ಅರ್ಥ ಹೇಳದೆ, ಗೊರಬು ಎಂದರೆ ಯಾವ ವಸ್ತು, ಹೇಗೆ ಹೆಣೆಯುತ್ತಾರೆ ಎಂದಷ್ಟೇ ಹೇಳುತ್ತಿದ್ದೆ. ಮುಂದಿನದನ್ನು ಹೆಚ್ಚಿನವರು ತಾವೇ ಮಾತಾಡಿಕೊಂಡರು. ಹೊಸನಗರದ ಕಡೆಯ ಅಜ್ಜಿಯೊಬ್ಬರು ಮಗನ ಜೊತೆ ಬಂದಿದ್ದರು. ನೀರಿನ ಮೇಲೆ ಗೊರಬು ದೋಣಿಯಂತೆ ಅಂಗಾತ ತೇಲುವ ದೊಡ್ಡ ಚಿತ್ರದ ಮುಂದೆ ನಿಂತು, ‘ಗೊರಬು ಹಿಂಗೆ ತೇಲದಿಲ್ಲ ಮಾರಾಯ್ತಿ, ಸಂದೀಲೆಲ್ಲ ನೀರು ನುಗ್ತದೆ’ ಎಂದರು. ‘ಗೊತ್ತು ಅಜ್ಜಿ’ ಎಂದೆ. ‘ಗೊತ್ತಿದ್ದೂ ಬರ್ದಿದೀಯಾ?’ ಎಂದು ನನ್ನನ್ನೇ ನೋಡಿದರು. ಆ ಚಿತ್ರದ ಬಗ್ಗೆ ಬಂದ ಮಾತುಗಳಲ್ಲಿ ನನಗೆ ತಲುಪಿದ್ದು ಅದೊಂದೇ.

ದರದ ವಿಷಯ. ಕ್ಯಾನ್ವಾಸಿಗೆ ಚದರ ಇಂಚಿನ ಲೆಕ್ಕ ಹಿಡಿದೆವು, ಕಾಗದಕ್ಕೆ ಅದಕ್ಕಿಂತ ಕಡಿಮೆ, ಫ್ರೇಮಿನ ಖರ್ಚು ಸೇರಿಸಿ. ಬಾಡಿಗೆಯ ಗ್ಯಾಲರಿಯಲ್ಲಿ ಮಾರಿ ಬಂದ ಹಣ ನಮ್ಮದೇ, ಆದರೆ ಪ್ರಚಾರ, ಆಹ್ವಾನಪತ್ರ, ಕಾವಲು ಎಲ್ಲವೂ ನಮ್ಮ ತಲೆಯ ಮೇಲೆ. ಖಾಸಗಿ ಗ್ಯಾಲರಿಗಳು ಅವನ್ನು ನೋಡಿಕೊಂಡು, ಮಾರಿದ ಬೆಲೆಯಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೂ ಹಿಡಿದುಕೊಳ್ಳುವುದುಂಟು. ಮೊದಲ ಸಲ ಮಾಡುವವರಿಗೆ ಬಾಡಿಗೆಯದೇ ಮೇಲು ಎನ್ನುತ್ತೇನೆ, ಲೆಕ್ಕವೆಲ್ಲ ಕಣ್ಣೆದುರಿಗೇ ಇರುತ್ತದೆ. ಮಾರಾಟವಾಯಿತೆಂದು ಗುರುತಿಸುವ ಕೆಂಪು ಚುಕ್ಕಿ ಬಿದ್ದದ್ದು ಹೆಚ್ಚಾಗಿ ಸಣ್ಣ ಶಾಯಿಚಿತ್ರಗಳಿಗೆ. ಉಳಿದವು ಮನೆಗೆ ಬಂದವು. ಮಳೆಗಾಲದಲ್ಲಿ ಕಾಗದ ಬೂಸು ಹಿಡಿಯುತ್ತದೆ, ಆದ್ದರಿಂದ ಹೊರಗೋಡೆಗೆ ಒರಗಿಸದೆ, ಹಲಗೆಯ ಮೇಲೆ ನೆಲದಿಂದ ಎತ್ತರಿಸಿ, ಹಿಂದೆ ಗಾಳಿಯಾಡಲು ಜಾಗ ಬಿಟ್ಟು ಇಟ್ಟಿದ್ದೇನೆ.