ಡಾರ್ವಿನ್ ಓಡಿದ ದಾರಿಯಲ್ಲಿ ನನ್ನ ನಡಿಗೆ

ಚಾರ್ಲ್ಸ್ ಡಾರ್ವಿನ್ ಅಂದ ಕೂಡಲೇ ಬಿಳಿ ಗಡ್ಡದ ಅಜ್ಜನೇ ನೆನಪಾಗುವುದು, ಅಲ್ವಾ? ಇಂಗ್ಲೆಂಡಿನ ಶ್ರೂಸ್‌ಬರಿಗೆ ನಾನು ಹೋಗಿದ್ದು ಚಾರ್ಲ್ಸ್ ಎಂಬ ಹುಡುಗನಿಗಾಗಿ. ಅವನು 1809ರಲ್ಲಿ ಹುಟ್ಟಿ, 1825ರಲ್ಲಿ ಎಡಿನ್‌ಬರೋಗೆ ಓದಲು ಹೋಗುವ ತನಕ ಬೆಳೆದ ಊರು ಇದು.

ಹುಟ್ಟಿದ ಮನೆಯನ್ನು ನಾನು ಕೊನೆಗೆ ಇಟ್ಟುಕೊಂಡೆ. ಕಾರಣ ಇದೆ. ಅವನು ಶಾಲೆಯಲ್ಲೇ ಉಳಿದು ಓದುತ್ತಿದ್ದ. ಮನೆ ಒಂದೂವರೆ ಕಿಲೋಮೀಟರ್ ಚಿಲ್ಲರೆ ದೂರ. ಬಿಡುವು ಸಿಕ್ಕಾಗಲೆಲ್ಲ ಮನೆಗೆ ಓಡುತ್ತಿದ್ದ, ರಾತ್ರಿ ಬಾಗಿಲು ಹಾಕುವಷ್ಟರಲ್ಲಿ ವಾಪಸ್ ಓಡಿ ಬರುತ್ತಿದ್ದ. ಹಾಗಾಗಿ ಶಾಲೆಯಿಂದ ಮನೆಯ ಕಡೆಗೆ ನಡೆದರೇ ಊರು ಅವನ ಅಳತೆಗೆ ಸಿಗುತ್ತದೆ.

ರೈಲ್ವೆ ನಿಲ್ದಾಣದಿಂದ ಸ್ವಲ್ಪ ಏರು ಹತ್ತಿದರೆ ಆ ಹಳೇ ಶಾಲೆ. ಈಗ ಅದು ಗ್ರಂಥಾಲಯ. ಎದುರಿಗೆ 1897ರ ಕಂಚಿನ ಪ್ರತಿಮೆ, ಅಲ್ಲೂ ಗಡ್ಡದ ಅಜ್ಜನೇ. ಪಾಠ ಅಂದರೆ ಜಾಸ್ತಿ ಗ್ರೀಕ್, ಲ್ಯಾಟಿನ್. ಹುಡುಗನಿಗೆ ಅದು ರುಚಿಸಲಿಲ್ಲ. ಮನೆಯ ತೋಟದ ಶೆಡ್ಡಿನಲ್ಲಿ ಅಣ್ಣನ ಜೊತೆ ರಸಾಯನ ಪ್ರಯೋಗ ಮಾಡುತ್ತಿದ್ದ. ಅದಕ್ಕೇ ಗೆಳೆಯರು 'ಗ್ಯಾಸ್' ಅಂತ ಅಡ್ಡಹೆಸರಿಟ್ಟರು.

ನಾನು ಜಾಸ್ತಿ ಹೊತ್ತು ನಿಂತದ್ದು ಬೆಲ್‌ಸ್ಟೋನ್ ಹತ್ತಿರ. ಮಾರಿಸ್ ಹಾಲ್‌ನ ಅಂಗಳದಲ್ಲಿ ಒಂದು ಗ್ರಾನೈಟ್ ಬಂಡೆ, ಅಷ್ಟೇ. ಸುಮ್ನೆ ನಡೆದರೆ ಕಣ್ಣಿಗೇ ಬೀಳುವುದಿಲ್ಲ. ಕಲ್ಲುಗಳ ಬಗ್ಗೆ ಚೆನ್ನಾಗಿ ತಿಳಿದಿದ್ದ ಕಾಟನ್ ಎಂಬ ಹಿರಿಯರು ಇದನ್ನು ಡಾರ್ವಿನ್‌ಗೆ ತೋರಿಸಿದ್ದರು. ಇಂಥ ಕಲ್ಲು ಕಂಬರ್‌ಲ್ಯಾಂಡ್, ಸ್ಕಾಟ್ಲೆಂಡಿಗಿಂತ ಹತ್ತಿರದಲ್ಲಿ ಎಲ್ಲೂ ಇಲ್ಲ, ಇಲ್ಲಿಗೆ ಹೇಗೆ ಬಂತು ಅಂತ ಪ್ರಳಯವಾದರೂ ಯಾರೂ ಹೇಳಲಾರರು ಅಂದಿದ್ದರಂತೆ. ಹಿಮಯುಗದಲ್ಲಿ ಮಂಜುಗಡ್ಡೆ ಹೊತ್ತು ತಂದ ಕಲ್ಲು ಇದು. ಆ ವಿವರಣೆ ಡಾರ್ವಿನ್ ಬದುಕಿದ್ದಾಗಲೇ ಸಿಕ್ಕಿತು. ಬಂಡೆಯ ಮೇಲೆ ಕೈಯಿಟ್ಟು ಅಷ್ಟು ದೂರದ ಪಯಣ ನೆನೆದಾಗ ನನಗಂತೂ ಮೈ ಜುಮ್ಮೆಂದಿತು.

ಅಲ್ಲಿಂದ ಕ್ಲೇರ್‌ಮಾಂಟ್ ಹಿಲ್. ಎಂಟು ವರ್ಷದವನಿದ್ದಾಗ ಇಲ್ಲಿನ ಚಿಕ್ಕ ಶಾಲೆಗೆ ಬರುತ್ತಿದ್ದ. ಚಿಪ್ಪು, ನಾಣ್ಯ, ಕಲ್ಲು ಕೂಡಿಡುವ ಹುಚ್ಚು ಆಗಲೇ ಹತ್ತಿತ್ತು. ಏರಿನ ತುದಿಯಲ್ಲಿ ಅವನಿಗೆ ದೀಕ್ಷಾಸ್ನಾನವಾದ ಸೇಂಟ್ ಚಾಡ್ಸ್ ಚರ್ಚು. ಮುಂದೆ ಕ್ವಾರಿ ಪಾರ್ಕ್ ಇಳಿದು, ಸೆವೆರ್ನ್ ನದಿಯ ದಂಡೆಯಲ್ಲೇ ನಡೆದು, ವೆಲ್ಷ್ ಬ್ರಿಡ್ಜ್ ದಾಟಿ ಫ್ರಾಂಕ್‌ವೆಲ್ ಏರು ಹತ್ತಿದೆ. ನದಿಯ ಮೇಲಿನ ದಿಬ್ಬದಲ್ಲಿ ಅವನ ಮನೆ, 'ದಿ ಮೌಂಟ್'. ನಾನು ರಸ್ತೆಯಿಂದಲೇ ನೋಡಿದೆ.

ನೀವು ಹೋದರೆ ವಾಪಸ್ ಬರುವಾಗ ಎಲ್ಲೂ ನಿಲ್ಲಬೇಡಿ. ಸೇತುವೆ ದಾಟಿ ನೇರ ಶಾಲೆಯವರೆಗೆ ಬಿರುಸಾಗಿ ನಡೆಯಿರಿ. ತಡವಾಗುತ್ತಿದ್ದರೆ ಅವನು ದೇವರನ್ನು ಬೇಡಿಕೊಳ್ಳುತ್ತಾ ಓಡುತ್ತಿದ್ದನಂತೆ. ಕೊನೆಯ ಏರಿನಲ್ಲಿ ಉಸಿರು ಕಟ್ಟಿದಾಗ ಯಾಕೆ ಅಂತ ಗೊತ್ತಾಗುತ್ತದೆ.