ಐಕಾನ್ ಥೀಮ್ ಅಳಿಸಿಹೋಗಿರಲಿಲ್ಲ

ಅಮ್ಮ ಕಂಪ್ಯೂಟರ್ ಬಳಸುವುದು ಹೆಸರು ಓದಿ ಅಲ್ಲ, ಚಿತ್ರದ ಗುರುತಿನಿಂದ. ದೇವರನಾಮಗಳನ್ನು ಬರೆದಿಡುವ ನೀಲಿ ಫೋಲ್ಡರ್ ಎಲ್ಲಿದೆ, ಯಾವ ಬಣ್ಣದ ಗುಂಡಿ ಒತ್ತಿದರೆ ಫೋಟೊ ತೆರೆಯುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಹಾಗಾಗಿಯೇ ಅವಳ ಹಳೆಯ ಲ್ಯಾಪ್‌ಟಾಪಿಗೆ ಕ್ಸುಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಹಾಕಿದಾಗ ಪಪೈರಸ್ ಎಂಬ ಐಕಾನ್ ಥೀಮನ್ನು, ಅಂದರೆ ಒಂದೇ ಶೈಲಿಯ ಚಿತ್ರಗಳ ಗುಂಪನ್ನು, ಆರಿಸಿ ಕೊಟ್ಟಿದ್ದೆ. ಆ ಐಕಾನ್‌ಗಳು ಬದಲಾದರೆ ಅವಳ ಪಾಲಿಗೆ ಅಡುಗೆಮನೆಯ ಡಬ್ಬಿಗಳನ್ನು ಯಾರೋ ಅದಲು ಬದಲು ಮಾಡಿಟ್ಟಂತೆಯೇ ಸರಿ.

ಕೆಲವು ತಿಂಗಳ ನಂತರ ಅದೇ ಆಗತೊಡಗಿತು. ಒಂದು ದಿನ ಸರಿಯಿದ್ದರೆ ಮರುದಿನ ಲಾಗಿನ್ ಆದ ಕೂಡಲೇ ಹಳೆಯ ಮಾದರಿಯ ಐಕಾನ್‌ಗಳು, ಬೇರೆಯೇ ಗಾತ್ರದ ಅಕ್ಷರಗಳು. ಅಪಿಯರೆನ್ಸ್ ಸೆಟ್ಟಿಂಗ್ ತೆರೆದರೆ ಪಟ್ಟಿಯಲ್ಲಿ ಪಪೈರಸ್ ಆಯ್ಕೆಯಾಗಿಯೇ ಇರುತ್ತಿತ್ತು! ಬೇರೆ ಥೀಮ್ ಒತ್ತಿದರೂ ಪರದೆ ಕದಲುತ್ತಿರಲಿಲ್ಲ. ಲಾಗೌಟ್ ಮಾಡಿ ಮತ್ತೆ ಬಂದರೆ ಕೆಲವೊಮ್ಮೆ ಸರಿಹೋಗುತ್ತಿತ್ತು, ಕೆಲವೊಮ್ಮೆ ಇಲ್ಲ. ಥೀಮನ್ನು ತೆಗೆದು ಮತ್ತೆ ಹಾಕಿದೆ, ಐಕಾನ್ ಕ್ಯಾಶ್ (ಚಿತ್ರಗಳು ಬೇಗ ಸಿಗಲೆಂದು ಉಳಿಸಿಟ್ಟ ಪಟ್ಟಿ) ಹೊಸದಾಗಿ ಕಟ್ಟಿದೆ. ಪ್ರಯೋಜನವಾಗಲಿಲ್ಲ.

ಸುಳಿವು ಕೊಟ್ಟಿದ್ದು ಅಮ್ಮನೇ. “ಚಿತ್ರ ಕೆಟ್ಟ ದಿನ ಕನ್ನಡವೂ ಬರುವುದಿಲ್ಲ ನೋಡು” ಎಂದಳು. ಅವಳು ಟೈಪ್ ಮಾಡುವುದು ಕಗಪ ಎಂಬ ಕೀಲಿಮಣೆ ವಿನ್ಯಾಸದಲ್ಲಿ. ಐಕಾನ್‌ಗೂ ಕೀಲಿಮಣೆಗೂ ಏನು ನಂಟು? ಕ್ಸುಬುಂಟುವಿನ ಡೆಸ್ಕ್‌ಟಾಪ್ ಆದ ಎಕ್ಸ್‌ಎಫ್‌ಸಿಇಯಲ್ಲಿ ಇವೆರಡನ್ನೂ ನೋಡಿಕೊಳ್ಳುವುದು ಹಿನ್ನೆಲೆಯಲ್ಲಿ ಓಡುವ ಒಂದೇ ಪ್ರೋಗ್ರಾಂ, ಎಕ್ಸ್‌ಎಫ್‌ಸೆಟಿಂಗ್ಸ್‌ಡಿ. ನಾವು ಆರಿಸಿದ್ದನ್ನು ಎಕ್ಸ್‌ಎಫ್‌ಕಾನ್ಫ್ ಎಂಬ ಇನ್ನೊಂದು ವ್ಯವಸ್ಥೆ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಓದಿ ತೆರೆದಿರುವ ಕಿಟಕಿಗಳಿಗೆಲ್ಲ ಸಾರುವುದು ಎಕ್ಸ್‌ಎಫ್‌ಸೆಟಿಂಗ್ಸ್‌ಡಿಯ ಕೆಲಸ. ಸಾರುವವನು ಇಲ್ಲದಿದ್ದರೆ ಬರೆದಿಟ್ಟದ್ದು ಇದ್ದಲ್ಲೇ ಇರುತ್ತದೆ, ಕಿಟಕಿಗಳು ಮಾತ್ರ ತಮ್ಮ ಮೂಲ ಥೀಮಿಗೆ ಮರಳುತ್ತವೆ.

ಮುಂದಿನ ಸಲ ಕೆಟ್ಟಾಗ ಏನನ್ನೂ ಮುಟ್ಟದೆ, ಆದೇಶಗಳನ್ನು ಟೈಪಿಸುವ ಟರ್ಮಿನಲ್ ತೆರೆದೆ. ಎಕ್ಸ್‌ಎಫ್‌ಕಾನ್ಫ್-ಕ್ವೆರಿ ಆದೇಶದಿಂದ ಐಕಾನ್ ಥೀಮಿನ ಹೆಸರು ಕೇಳಿದೆ. ಪಪೈರಸ್ ಎಂದೇ ಉತ್ತರ ಬಂತು. ಓಡುತ್ತಿರುವ ಪ್ರೋಗ್ರಾಂಗಳನ್ನು ಹುಡುಕುವ ಪಿಗ್ರೆಪ್ ಆದೇಶ ಹಾಕಿ ಎಕ್ಸ್‌ಎಫ್‌ಸೆಟಿಂಗ್ಸ್‌ಡಿ ಓಡುತ್ತಿದೆಯೇ ಎಂದು ಕೇಳಿದೆ. ಏನೂ ಬರಲಿಲ್ಲ, ಖಾಲಿ ಸಾಲು. ಆ ಪ್ರೋಗ್ರಾಮಿನ ಹೆಸರನ್ನೇ ಟೈಪಿಸಿ ಎಂಟರ್ ಒತ್ತಿದೆ. ಕಣ್ಣೆದುರೇ ಫೋಲ್ಡರ್‌ಗಳು ಒಮ್ಮೆಲೇ ನೀಲಿಯಾದವು, ಅಕ್ಷರಗಳು ತಮ್ಮ ಗಾತ್ರಕ್ಕೆ ಬಂದವು. ಇಷ್ಟು ದಿನ ನಾನು ಹುಡುಕಿದ್ದೆಲ್ಲ ತಪ್ಪು ಜಾಗದಲ್ಲಿ ಎಂಬುದು ಆಗ ಖಚಿತವಾಯಿತು.

ಎಕ್ಸ್‌ಎಫ್‌ಸೆಟಿಂಗ್ಸ್‌ಡಿ ಏಕೆ ತಾನಾಗಿ ಶುರುವಾಗುತ್ತಿರಲಿಲ್ಲ? ಲಾಗೌಟ್ ಆಗುವಾಗ ಸೆಷನ್, ಅಂದರೆ ಆಗ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ, ಉಳಿಸುವ ಆಯ್ಕೆಗೆ ನಾನೇ ಗುರುತು ಹಾಕಿದ್ದೆ. ಹಾಗೆ ಉಳಿದ ಸೆಷನ್ ಕೆಲವೊಮ್ಮೆ ಕೆಟ್ಟಿರುತ್ತಿತ್ತು, ಮುಂದಿನ ಲಾಗಿನ್‌ನಲ್ಲಿ ಅದೇ ಮರಳಿ ಬರುತ್ತಿತ್ತು. ‘ಸೆಷನ್ ಅಂಡ್ ಸ್ಟಾರ್ಟಪ್’ನಲ್ಲಿ ಆ ಗುರುತನ್ನು ತೆಗೆದೆ. ಆಮೇಲೆ ಲಾಗೌಟ್ ಮಾಡಿ, ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬರಿಯ ಅಕ್ಷರಗಳ ಪರದೆಗೆ ಹೋಗಿ, ಹೋಮ್ ಫೋಲ್ಡರಿನಲ್ಲಿ ಅಡಗಿರುವ ಕ್ಯಾಶ್ ಫೋಲ್ಡರಿನ ಒಳಗಿನ ಸೆಷನ್ಸ್ ಫೋಲ್ಡರನ್ನು ಬರಿದು ಮಾಡಿದೆ. ಡೆಸ್ಕ್‌ಟಾಪ್ ತೆರೆದಿರುವಾಗಲೇ ಇದನ್ನು ಮಾಡಬೇಡಿ, ಹೊರಡುವಾಗ ಅದು ಮತ್ತೆ ಬರೆದುಬಿಡಬಹುದು. ಲಾಗೌಟ್ ಪೆಟ್ಟಿಗೆಯಲ್ಲೂ ಸೆಷನ್ ಉಳಿಸುವ ಚಿಕ್ಕ ಚೌಕವೊಂದಿದೆ, ಅದನ್ನೂ ಖಾಲಿ ಬಿಡಿ.

ಎಕ್ಸ್‌ಎಫ್‌ಕಾನ್ಫ್ ಬರೆದಿಡುವ ಎಕ್ಸ್‌ಎಂಎಲ್ ಕಡತ ತೆರೆದು ಥೀಮಿನ ಹೆಸರು ತಿದ್ದುವ ಸಲಹೆ ಹಲವರು ಕೊಡುತ್ತಾರೆ. ಎಕ್ಸ್‌ಎಫ್‌ಕಾನ್ಫ್ ಓಡುತ್ತಿರುವಾಗ ಆ ತಿದ್ದುಪಡಿ ಉಳಿಯುವುದಿಲ್ಲ. ಎಕ್ಸ್‌ಎಫ್‌ಕಾನ್ಫ್ ಮೌಲ್ಯಗಳನ್ನು ತನ್ನ ನೆನಪಿನಲ್ಲಿಟ್ಟುಕೊಂಡು ಕಡತವನ್ನು ತಾನೇ ಮತ್ತೆ ಬರೆಯುತ್ತದೆ.

ಅಂದಿನಿಂದ ನೀಲಿ ಫೋಲ್ಡರ್ ಕದಲಿಲ್ಲ. ಕಗಪ ಕೂಡ ಲಾಗಿನ್ ಆದ ಕೂಡಲೇ ಸಿದ್ಧವಿರುತ್ತದೆ. ಅಮ್ಮ ಈಗ ಪುರಂದರದಾಸರ ಪದಗಳನ್ನು ಟೈಪ್ ಮಾಡುತ್ತಿದ್ದಾಳೆ.