ಅಜ್ಜಿಯ ಪಂಪ್ ಸ್ಟವ್ ತುಕ್ಕಿಗೆ ಯಾವ ಗ್ರಿಟ್? ನನ್ನ ಅನುಭವ

ಬಸವನಗುಡಿಯ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಅಜ್ಜಿಯ ಸೀಮೆಎಣ್ಣೆ ಪಂಪ್ ಸ್ಟವ್ ಸಿಕ್ಕಿತು. ಹಿತ್ತಾಳೆ ಟ್ಯಾಂಕು, ಮೂರು ಕಬ್ಬಿಣದ ಕಾಲು, ಪಾತ್ರೆ ಕೂರಿಸುವ ಬೀಡಿನ (ಎರಕದ ಕಬ್ಬಿಣದ) ಬಳೆ, ಸುತ್ತ ಗಾಳಿಗೆ ಅಡ್ಡ ಇಡುವ ತೆಳು ತಗಡು. ಟ್ಯಾಂಕು ಬಿಟ್ಟು ಮಿಕ್ಕಿದ್ದೆಲ್ಲ ತುಕ್ಕು. ಬಳೆಗೆ ಉಗುರು ತಾಗಿಸಿದರೆ ಸಾಕು, ಪದರ ಪದರವಾಗಿ ಏಳುತ್ತಿತ್ತು.

ನಾನು ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಕಾಲು ಒಂದು, ತಗಡು ಒಂದು ಬ್ಲಾಸ್ಟಿಂಗ್ ಮಾಡುವ ಕಡೆ, ಅಂದರೆ ಗ್ರಿಟ್ ಅನ್ನುವ ಗಟ್ಟಿ ಸಣ್ಣ ಕಾಳುಗಳನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತುಕ್ಕು ತೆಗೆಯುವ ಕಡೆ, ಕೊಟ್ಟೆ. ‘ಎಲ್ಲಾ ಒಂದೇ ಸಲ ಹೊಡೆದು ಕೊಡ್ತೀವಿ ಸರ್’ ಅಂದರು. ಕಾಲು ಚೆನ್ನಾಗಿ ಬಂತು. ತಗಡು ಮಾತ್ರ ಕರಿದ ಹಪ್ಪಳದ ಹಾಗೆ ಡೊಂಕಾಗಿ ಬಂತು. ನಿಜ ಹೇಳಬೇಕೆಂದರೆ ಮನಸ್ಸಿಗೆ ತುಂಬಾ ಬೇಜಾರಾಯಿತು, ಅಜ್ಜಿ ದಿನಾ ಒರೆಸುತ್ತಿದ್ದ ವಸ್ತು ಅದು. ಗ್ರಿಟ್ ಆರಿಸುವಾಗ ತುಕ್ಕು ಎಷ್ಟಿದೆ ಅಂತಲ್ಲ, ತುಕ್ಕಿನ ಕೆಳಗೆ ಇರುವ ಲೋಹ ಯಾವುದು, ಎಷ್ಟು ದಪ್ಪ ಅಂತ ಮೊದಲು ನೋಡಬೇಕು ಅನ್ನುವುದು ಆಗ ಗೊತ್ತಾಯಿತು.

ಉಳಿದದ್ದನ್ನು ರಾಜಾಜಿನಗರದಲ್ಲಿ ಹಳೇ ಬೈಕ್ ರಿಪೇರಿ ಮಾಡುವ ಗೆಳೆಯನ ಶೆಡ್ಡಿನಲ್ಲಿ ನಾನೇ ಮಾಡಿದೆ. ಅವನ ಹತ್ತಿರ ಸಣ್ಣ ಬ್ಲಾಸ್ಟಿಂಗ್ ಕ್ಯಾಬಿನೆಟ್ (ಮುಚ್ಚಿದ ಪೆಟ್ಟಿಗೆಯೊಳಗೆ ಗ್ರಿಟ್ ಹೊಡೆಯುವ ಸಾಧನ) ಇದೆ. ಮೊದಲು ಎಲ್ಲವನ್ನೂ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ ಜಿಡ್ಡು, ಮಸಿ ತೆಗೆದೆವು. ಈ ಕೆಲಸ ಬಿಡಬೇಡಿ. ಜಿಡ್ಡು ಉಳಿದರೆ ಗ್ರಿಟ್ ಗಂಟು ಕಟ್ಟಿ, ಅದು ಚಿಮ್ಮುವ ನಾಝಲ್ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಂತೂ ಕಂಪ್ರೆಸರ್ ಗಾಳಿಯಲ್ಲೇ ನೀರು ಇರುತ್ತದೆ, ಅದಕ್ಕೆ ಆ ನೀರನ್ನು ಹಿಡಿದಿಡುವ ವಾಟರ್ ಟ್ರ್ಯಾಪ್ ಬೇಕೇ ಬೇಕು.

ಬಳೆಗೆ 80 ಮೆಶ್ (ಕಾಳಿನ ಅಳತೆ, ಅಂಕಿ ಹೆಚ್ಚಾದಷ್ಟು ಕಾಳು ಸಣ್ಣ) ಗಾರ್ನೆಟ್ ಅನ್ನುವ ಖನಿಜದ ಪುಡಿ ಹಾಕಿದೆವು, ಒತ್ತಡ ಸುಮಾರು 80 ಪಿಎಸ್‌ಐ. ಗಾರ್ನೆಟ್‌ನ ಗಡಸುತನ ಮೋಸ್ ಅಳತೆಯಲ್ಲಿ (1ರಿಂದ 10ರವರೆಗೆ, ವಜ್ರಕ್ಕೆ 10) 7ರಿಂದ 7.5, ಬೀಡಿನ ತುಕ್ಕಿಗೆ ಧಾರಾಳ ಸಾಕು. ಅಲ್ಯೂಮಿನಿಯಂ ಆಕ್ಸೈಡ್ 9, ಇನ್ನೂ ಬೇಗ ಕೆರೆಯುತ್ತದೆ, ಆದರೆ ಮೇಲ್ಮೈ ಜಾಸ್ತಿ ಒರಟಾಗುತ್ತದೆ. ಬಣ್ಣ ಹೊಡೆಯುವುದಿದ್ದರೆ ಆ ಒರಟು ಒಳ್ಳೆಯದೇ, ಬಣ್ಣ ಹಿಡಿದುಕೊಳ್ಳುತ್ತದೆ. ನನ್ನ ಬಳೆಗೆ ಎಣ್ಣೆ ಹಚ್ಚಿ ಕಾಯಿಸುವ ಆಸೆ ಇತ್ತು, ಅದಕ್ಕೇ ಗಾರ್ನೆಟ್. ಹೊಡೆಯುತ್ತಾ ಹೋದ ಹಾಗೆ ಕಂದು ಬಣ್ಣ ಹೋಗಿ ಬೂದಿ ಬಣ್ಣ ಬಂತು. ಒಂದು ಅಂಚಿನಲ್ಲಿ ಎರಕ ಹೊಯ್ದಾಗಲೇ ಮೂಡಿದ್ದ ‘3’ ಅನ್ನುವ ಅಂಕಿ ಕಾಣಿಸಿತು. ಅಲ್ಲಿಗೆ ಬಂದಾಗ ನಾಝಲ್ ಸ್ವಲ್ಪ ದೂರ ಹಿಡಿದೆ.

ಗ್ಲಾಸ್ ಬೀಡ್ ಕೂಡ ಪ್ರಯತ್ನಿಸಿದೆ. ಗುಂಡಗಿನ ಗಾಜಿನ ಮಣಿ ಅಲ್ವಾ, ದಪ್ಪ ತುಕ್ಕನ್ನು ಕೆರೆಯುವುದಿಲ್ಲ, ಸುಮ್ನೆ ಬಡಿದು ಹೊಳಪು ಕೊಡುತ್ತದೆ. ಉಳಿದ ಕಾಲುಗಳಿಗೆ ಗಾರ್ನೆಟ್ ಆದಮೇಲೆ ಕೊನೆಯಲ್ಲಿ ಒಂದು ಸಲ ಬೀಡ್ ಹೊಡೆದರೆ ಚೆಂದ ಕಾಣುತ್ತದೆ, ಅಷ್ಟೇ. ಅಕ್ರೋಟಿನ ಚಿಪ್ಪಿನ ಪುಡಿ ಮಸಿಗೆ, ಹಳೇ ಬಣ್ಣಕ್ಕೆ ಸರಿ, ತುಕ್ಕಿಗೆ ಆಗದು.

ಮರಳು ಮಾತ್ರ ಬೇಡ. ಅಗ್ಗಕ್ಕೆ ಸಿಗುತ್ತದೆ ಅಂತ ಈಗಲೂ ಕೆಲವರು ಹೊಡೆಯುತ್ತಾರೆ. ಮರಳು ಒಡೆದು ಏಳುವ ಸಣ್ಣ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ, ಕೋಲಾರದ ಚಿನ್ನದ ಗಣಿಯವರನ್ನು ಕಾಡಿದ್ದು ಇದೇ ಕಾಯಿಲೆ, ಬಂದರೆ ವಾಸಿಯಾಗುವುದಿಲ್ಲ. ಯಾವ ಗ್ರಿಟ್ ಆದರೂ ಕ್ಯಾಬಿನೆಟ್ ಬಾಗಿಲು ಮುಚ್ಚಿ, ಒಳ್ಳೇ ಮಾಸ್ಕ್ ಹಾಕಿಯೇ ಮಾಡಿ.

ಟ್ಯಾಂಕ್, ಬರ್ನರ್ ಎರಡನ್ನೂ ಕ್ಯಾಬಿನೆಟ್ ಹತ್ತಿರಕ್ಕೂ ಒಯ್ಯಲಿಲ್ಲ. ಒತ್ತಡ ತಡೆಯಬೇಕಾದ ಹಿತ್ತಾಳೆ ಸವೆದರೆ ಅಪಾಯ, ಸೀಮೆಎಣ್ಣೆ ಆವಿ ಚಿಮ್ಮುವ ನಿಪ್ಪಲ್ ತೂತಿಗೆ ಒಂದು ಕಾಳು ಸಿಕ್ಕಿಕೊಂಡರೂ ಸ್ಟವ್ ಉರಿಯದು. ಅವಕ್ಕೆ ಹುಣಸೆಹಣ್ಣು, ಉಪ್ಪು, ಕೈ.

ಬಳೆ ಹೊರಗೆ ತೆಗೆದ ಕೂಡಲೇ ಗಾಳಿ ಹೊಡೆದು, ಗ್ಯಾಸ್ ಮೇಲೆ ಬೆಚ್ಚಗೆ ಮಾಡಿ, ಕಡಲೆಕಾಯಿ ಎಣ್ಣೆ ತೆಳ್ಳಗೆ ಒರೆಸಿದೆ. ಬರೀ ಕೈಯಲ್ಲಿ ಮುಟ್ಟಬೇಡಿ. ನಾಳೆ ಮಾಡೋಣ ಅಂತ ಇಟ್ಟ ಒಂದು ಕಾಲಿನ ಮೇಲೆ ಬೆಳಗಾಗುವಷ್ಟರಲ್ಲಿ ನನ್ನ ಬೆರಳಿನ ಗುರುತು ಕಿತ್ತಳೆ ಬಣ್ಣದಲ್ಲಿ ಮೂಡಿತ್ತು, ಅದನ್ನು ಮತ್ತೆ ಹೊಡೆದು ಅದೇ ಗಳಿಗೆಯಲ್ಲಿ ಶಾಖ ತಡೆಯುವ ಕಪ್ಪು ಬಣ್ಣ ಬಳಿದೆ.